ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನದೊಳಗೆ ಯಾವುದನ್ನು ಎಲ್ಲಿ ಕೂರಿಸೋದು?

ತುಮಕೂರಿನಿಂದ: 1.2 ಮೀಟರ್ ರೆಕ್ಕೆಯ ಫೋಮ್ ಟ್ರೈನರ್ (ಹಾರಿಸಲು ಕಲಿಯುವ ವಿಮಾನ) ಕಟ್ಟುತ್ತಿದ್ದೇನೆ. ಮೋಟಾರು, ಸರ್ವೋ (ವಿಮಾನ ತಿರುಗಿಸುವ ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಯಂತ್ರ) ಕೂತಿವೆ. ಇಎಸ್‌ಸಿ (ಮೋಟಾರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟು), ರಿಸೀವರ್ (ರಿಮೋಟಿನ ಸಿಗ್ನಲ್ ಹಿಡಿಯುವುದು), 3 ಸೆಲ್ ಬ್ಯಾಟರಿ ಉಳಿದಿವೆ. ಹೊಟ್ಟೆಯಲ್ಲಿ ಜಾಗ ಕಮ್ಮಿ, ವೈರು ಜಾಸ್ತಿ. ಯಾವುದು ಮುಂದೆ, ಯಾವುದು ಹಿಂದೆ?

ಕೋಲಾರದಿಂದ: ಈಗಲೇ ಏನನ್ನೂ ಅಂಟಿಸಬೇಡಿ. ಎಲ್ಲವನ್ನೂ ಸುಮ್ನೆ ಒಳಗಿಟ್ಟು, ರೆಕ್ಕೆ ಹಾಕಿ, ಅದರ ಮುಂದಿನ ಅಂಚಿನಿಂದ ಅಗಲದ ಶೇಕಡಾ 25ರಿಂದ 30ರಷ್ಟು ಹಿಂದೆ ಎರಡೂ ಕಡೆ ಬೆರಳು ಕೊಟ್ಟು ಎತ್ತಿ ನೋಡಿ. ಮೂಗು ಒಂಚೂರು ಕೆಳಗೆ ಬಾಗಿದರೆ ಸರಿ, ಬಾಲ ಇಳಿದರೆ ಬ್ಯಾಟರಿ ಮುಂದೆ ತಳ್ಳಿ. ಒಳಗೆ ಅದೇ ಭಾರದ್ದು, ಅದನ್ನೇ ಸರಿಸಿದರೆ ತೂಕ ಸರಿದೂಗಿಸಲು ಸೀಸ ಕಟ್ಟುವ ಗೋಳು ತಪ್ಪುತ್ತದೆ. ಇಎಸ್‌ಸಿಗೆ ಗಾಳಿ ತಾಗಬೇಕು. ನಮ್ಮ ಕಡೆ ಬಿಸಿಲಿಗೆ ಫೋಮ್ ಒಳಗೆ ಮುಚ್ಚಿಟ್ಟರೆ ಕಾದು ಕೈ ಕೊಡುತ್ತದೆ. ಗಾಳಿ ಹೊರಹೋಗುವ ತೂತು ಒಳಬರುವುದಕ್ಕಿಂತ ದೊಡ್ಡದಿರಲಿ.

ಚಿಕ್ಕಬಳ್ಳಾಪುರದಿಂದ: ರಿಸೀವರ್ ಹಿಂದೆ ಇಡಿ, ಬ್ಯಾಟರಿ ವೈರಿನಿಂದ ದೂರ. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು 90 ಡಿಗ್ರಿಯಲ್ಲಿರಲಿ. ಸರ್ವೋ ಕೂತಿವೆ ಅಂದಿರಿ, ಕರೆಂಟ್ ಕೊಟ್ಟು ನಡುವಿಗೆ ತಂದ ಮೇಲೆ ತಾನೇ ಅವುಗಳ ತೋಳು (ಮೇಲೆ ಕೂರುವ ಸಣ್ಣ ಕಡ್ಡಿ) ಹಾಕಿದ್ದು? ಇಲ್ಲಾಂದ್ರೆ ಬಿಚ್ಚಿ ಮತ್ತೆ ಹಾಕಿ. ಪ್ರೊಪೆಲ್ಲರ್ ಕಳಚಿಟ್ಟೇ ಮಾಡಿ, ಬೆರಳು ಬೇಕಲ್ವಾ!

ತುಮಕೂರಿನಿಂದ: ತೋಳು ಇನ್ನೂ ಹಾಕಿಲ್ಲ. ಬ್ಯಾಟರಿಗೆ ಬರೀ ವೆಲ್ಕ್ರೋ ಸಾಕಾ?

ಕೋಲಾರದಿಂದ: ಸಾಲದು. ಅಡಿಗೆ ವೆಲ್ಕ್ರೋ, ಮೇಲೊಂದು ಪಟ್ಟಿ.