ಹನ್ನೆರಡು ಗಂಟೆಯ ರಾತ್ರಿ ಪಾಳಿಯಲ್ಲಿ ಊಟದ ಹೊತ್ತನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಪ್ರಶ್ನೆ: ಮೆಡಿಕಲ್ ವಾರ್ಡ್ ನರ್ಸ್

ನಾನು ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನಮ್ಮದು ಹನ್ನೆರಡು ಗಂಟೆಯ ಪಾಳಿ. ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಹ್ಯಾಂಡ್‌ಓವರ್, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದು. ಹಗಲಿನಲ್ಲಿ ಊಟ ತಡವಾದರೂ ಹೇಗೋ ತಡೆದುಕೊಳ್ಳಬಹುದು, ಆದರೆ ರಾತ್ರಿ ಡ್ಯೂಟಿ ಬಂದ ವಾರ ದೇಹದ ಲೆಕ್ಕವೆಲ್ಲ ಏರುಪೇರಾಗುತ್ತದೆ. ಸಂಜೆ ಹಸಿವಿರುವುದಿಲ್ಲವಾದ್ದರಿಂದ ಹೆಚ್ಚೇನೂ ತಿನ್ನದೆ ಹೊರಡುತ್ತೇನೆ; ರಾತ್ರಿಯ ಔಷಧಿಗಳನ್ನೆಲ್ಲ ಕೊಟ್ಟು ಮುಗಿಸುವಷ್ಟರಲ್ಲಿ ವಿಪರೀತ ಹಸಿವಾಗಿ, ಒಂದು ಗಂಟೆಯ ಸುಮಾರಿಗೆ ಬಿಡುವು ಸಿಕ್ಕಾಗ ಡಬ್ಬಿಯಲ್ಲಿರುವುದೆಲ್ಲವೂ ಒಮ್ಮೆಗೇ ಖಾಲಿಯಾಗುತ್ತದೆ. ಮೂರು ಗಂಟೆ ದಾಟಿತೆಂದರೆ ಕಣ್ಣು ಎಳೆಯತೊಡಗುತ್ತದೆ. ಆಗ ಸಿಹಿ ಬಿಸ್ಕತ್ತು, ಕಾಫಿ, ಮತ್ತೆ ಬಿಸ್ಕತ್ತು. ಬೆಳಗಿನ ರಕ್ತದ ಮಾದರಿ ತೆಗೆಯುವ, ಇನ್‌ಟೇಕ್-ಔಟ್‌ಪುಟ್ ಚಾರ್ಟ್ (ರೋಗಿಯ ದೇಹಕ್ಕೆ ಹೋದ, ಹೊರಬಂದ ದ್ರವದ ಲೆಕ್ಕ) ಕೂಡಿಸುವ ಹೊತ್ತಿಗೆ ಒಂದೇ ಸಾಲನ್ನು ಎರಡೆರಡು ಸಲ ಓದಬೇಕಾಗುತ್ತದೆ.

ಮನೆಗೆ ಬಂದು ಹೊಟ್ಟೆ ತುಂಬ ತಿಂದು ಮಲಗಿದರೆ ಎದೆಯುರಿ. ಏನೂ ತಿನ್ನದೆ ಮಲಗಿದರೆ ಹನ್ನೊಂದಕ್ಕೆಲ್ಲ ಹಸಿವಿನಿಂದ ಎಚ್ಚರ. ಪಥ್ಯದ ಪಟ್ಟಿಗಳನ್ನು ಬೇಕಾದಷ್ಟು ಓದಿದ್ದೇನೆ, ಅವೆಲ್ಲವೂ ಹಗಲು ಎಚ್ಚರವಿದ್ದು ರಾತ್ರಿ ಮಲಗುವವರಿಗಾಗಿ ಬರೆದವು. ರಾತ್ರಿ ದುಡಿಯುವವರು ಯಾವ ಹೊತ್ತಿಗೆ, ಎಷ್ಟು, ಏನು ತಿನ್ನಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಐಸಿಯು ನರ್ಸ್

ಬೆಳಗಿನ ಜಾವ ಮೂರರಿಂದ ಐದರವರೆಗಿನ ಆ ಮಂಪರಿಗೆ ಹಸಿವು ಮುಖ್ಯ ಕಾರಣವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿರುವ ನರಕೋಶಗಳ ಒಂದು ಪುಟ್ಟ ಗುಂಪು ದೇಹಕ್ಕೆ ಹಗಲು ರಾತ್ರಿಗಳನ್ನು ತಿಳಿಸುತ್ತಿರುತ್ತದೆ. ಅದು ಮುಖ್ಯವಾಗಿ ಬೆಳಕನ್ನು ನಂಬಿ ನಡೆಯುವುದರಿಂದ, ನಾವು ನಾಲ್ಕಾರು ರಾತ್ರಿ ಎಚ್ಚರವಿದ್ದ ಮಾತ್ರಕ್ಕೆ ತನ್ನ ಕ್ರಮವನ್ನು ಬದಲಿಸುವುದಿಲ್ಲ. ಆ ಹೊತ್ತಿನಲ್ಲಿ ದೇಹದ ಉಷ್ಣತೆ ದಿನದ ಅತ್ಯಂತ ಕೆಳಮಟ್ಟಕ್ಕೆ ಇಳಿದಿರುತ್ತದೆ, ರಕ್ತದಲ್ಲಿ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚಿರುತ್ತದೆ. ಆದ್ದರಿಂದ ಆ ನಿದ್ದೆಯನ್ನು ತಿಂದು ಓಡಿಸಲು ಹೊರಟರೆ ಬಿಸ್ಕತ್ತಿನ ಪೊಟ್ಟಣ ಖಾಲಿಯಾಗುತ್ತದೆಯೇ ಹೊರತು ನಿದ್ದೆ ಹೋಗುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯವಾದುದು. ಯಕೃತ್ತು, ಮೇದೋಜೀರಕ ಗ್ರಂಥಿಗಳಿಗೂ ಅವುಗಳದೇ ಆದ ಹೊತ್ತುಗೊತ್ತುಗಳಿವೆ. ಹಗಲಿನಲ್ಲಿ ಉಂಡ ಅದೇ ಊಟವನ್ನು ಅಷ್ಟೇ ಪ್ರಮಾಣದಲ್ಲಿ ನಡುರಾತ್ರಿ ಉಂಡರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಇಳಿಯುವುದಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 19 ಜನರನ್ನು ಪ್ರಯೋಗಾಲಯದಲ್ಲಿ ರಾತ್ರಿ ಪಾಳಿಯಂತಹ ದಿನಚರಿಗೆ ಒಳಪಡಿಸಿ, ಕೆಲವರಿಗೆ ರಾತ್ರಿಯೂ, ಉಳಿದವರಿಗೆ ಹಗಲಿನಲ್ಲಿ ಮಾತ್ರವೂ ಊಟ ಕೊಟ್ಟಿದ್ದರು. ರಾತ್ರಿ ಉಂಡವರ ಸರಾಸರಿ ಗ್ಲೂಕೋಸ್ ಮಟ್ಟ ಶೇ 6.4ರಷ್ಟು ಏರಿತು, ಹಗಲಿನಲ್ಲಿ ಮಾತ್ರ ಉಂಡವರಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಪ್ರಯೋಗ ಚಿಕ್ಕದು, ಅಲ್ಲಿದ್ದವರು ರೋಗಿಗಳನ್ನು ಎತ್ತಿ ಮಗ್ಗುಲು ಬದಲಿಸುತ್ತಿದ್ದವರೂ ಅಲ್ಲ. ಹಾಗಾಗಿ ಇದನ್ನು ಓದಿ ರಾತ್ರಿಯಿಡೀ ಉಪವಾಸವಿರಿ ಎಂದು ನಾನು ಹೇಳಲಾರೆ. ಆದರೆ ಒಂದು ಗಂಟೆಗೆ ಹೊಟ್ಟೆ ಬಿರಿಯುವಂತೆ ಉಣ್ಣುವುದು ಮಾತ್ರ ಖಂಡಿತ ಬೇಡ.

ನಾನು ಅನುಸರಿಸುವ ಕ್ರಮ ಹೀಗಿದೆ. ದಿನದ ದೊಡ್ಡ ಊಟವನ್ನು ಡ್ಯೂಟಿಗೆ ಹೊರಡುವ ಮುನ್ನ, ಸಂಜೆ ಐದೂವರೆಯ ಹೊತ್ತಿಗೆ, ಮನೆಯಲ್ಲಿಯೇ ಕುಳಿತು ಮಾಡುತ್ತೇನೆ. ಆ ಹೊತ್ತಿಗೆ ಹಸಿವಿರುವುದಿಲ್ಲ ಎಂದಿದ್ದೀರಿ. ಮಧ್ಯಾಹ್ನ ಎದ್ದ ತಕ್ಷಣ ಲಘುವಾಗಿ ತಿಂದು ಅಲ್ಲಿಗೆ ನಿಲ್ಲಿಸಿದರೆ ಸಂಜೆ ಹಸಿವಾಗುತ್ತದೆ. ಎರಡನೆಯ ಊಟ ಹತ್ತೂವರೆಯಿಂದ ಹನ್ನೊಂದೂವರೆಯೊಳಗೆ, ಸಂಜೆ ಉಂಡದ್ದರ ಅರ್ಧದಷ್ಟು. ಅಲ್ಲಿಂದ ಬೆಳಗಿನವರೆಗೆ ನಿಜವಾಗಿ ಹಸಿವಾದರೆ ಮಾತ್ರ ಒಂದು ಹಣ್ಣು, ಒಂದು ಹಿಡಿ ಬಾದಾಮಿ ಅಥವಾ ಕಡಲೆಕಾಯಿ ಬೀಜ, ಇಲ್ಲವೇ ಸ್ವಲ್ಪ ಮೊಸರು. ಮೂರು ಗಂಟೆಯ ಮಂಪರಿಗೆ ನಾನು ಆಹಾರವನ್ನು ಬಿಟ್ಟು ಬೇರೆಯದನ್ನು ಆಶ್ರಯಿಸುತ್ತೇನೆ: ನಡೆದಾಡಿ ಮಾಡುವ ಕೆಲಸಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ, ದೀಪ ಪ್ರಖರವಾಗಿರುವ ಕಡೆ ನಿಂತು ಚಾರ್ಟ್ ಬರೆಯುತ್ತೇನೆ, ಡೋಸಿನ ಲೆಕ್ಕವನ್ನು ಇನ್ನೊಬ್ಬರಿಂದ ತಾಳೆ ನೋಡಿಸುತ್ತೇನೆ.

ಉತ್ತರ: ಆಹಾರತಜ್ಞೆ

ಮೇಲಿನ ಉತ್ತರದಲ್ಲಿ ಹೇಳಿರುವ ಹೊತ್ತುಗಳನ್ನು ನಾನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಡನೆ: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಹೊಟ್ಟೆಹುಣ್ಣು ಇರುವವರು ತಮ್ಮ ವೈದ್ಯರನ್ನು ಕೇಳದೆ ಊಟಗಳ ನಡುವಿನ ಅಂತರವನ್ನು ಹೆಚ್ಚಿಸಬಾರದು.

ಡಬ್ಬಿಯ ಬಗ್ಗೆ ಎರಡು ಮಾತು. ರಾತ್ರಿಯ ಆ ಚಿಕ್ಕ ಊಟದಲ್ಲಿ ಕಾಳು, ಮೊಟ್ಟೆ, ಪನೀರ್, ಮೀನು ಇವುಗಳಲ್ಲಿ ಒಂದಾದರೂ ಇರಲಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ, ಎರಡು ಮೊಟ್ಟೆ ಮತ್ತು ತರಕಾರಿಯ ಜೊತೆ ಸ್ವಲ್ಪ ಅನ್ನವೋ ರೊಟ್ಟಿಯೋ ಇದ್ದರೆ ಸಾಕಷ್ಟಾಯಿತು. ಬರೀ ಅನ್ನ, ಬರೀ ಬ್ರೆಡ್ಡು, ಬರೀ ಬಿಸ್ಕತ್ತು ಬೇಗ ಜೀರ್ಣವಾಗಿ ಬೇಗ ಹಸಿವು ತರುತ್ತವೆ. ಕರಿದದ್ದು ಮತ್ತು ಎಣ್ಣೆ ಹೆಚ್ಚಿರುವುದು ಇದಕ್ಕೆ ತದ್ವಿರುದ್ಧವಾಗಿ ಹೊಟ್ಟೆಯಲ್ಲಿ ಬಹಳ ಹೊತ್ತು ಉಳಿಯುತ್ತದೆ, ಮಲಗಿದಾಗ ಎದೆಯುರಿ ತರುವುದರಲ್ಲಿ ಅದರದೇ ದೊಡ್ಡ ಪಾಲು. ಇವಲ್ಲದೆ, ಕರೆಗಂಟೆ ಬಾರಿಸಿದಾಗ ಮುಚ್ಚಳ ಹಾಕಿ ಎದ್ದು ಹೋಗಿ ಹತ್ತು ನಿಮಿಷ ಬಿಟ್ಟು ಬಂದರೂ ರುಚಿ ಕೆಡದಿರುವಂತಹದನ್ನೇ ತುಂಬಿಕೊಳ್ಳಬೇಕು. ಬಿಸಿಯಾಗಿದ್ದಾಗ ಮಾತ್ರ ತಿನ್ನಲಾಗುವ ಊಟ ನರ್ಸುಗಳ ಪಾಲಿಗೆ ಕಸದ ಬುಟ್ಟಿ ಸೇರುವ ಊಟ.

ಯಾರೂ ಪ್ರಸ್ತಾಪಿಸದ ಅಪಾಯವೊಂದಿದೆ. ಸಂಜೆ ಐದಕ್ಕೆ ತುಂಬಿದ ಡಬ್ಬಿಯನ್ನು ಲಾಕರಿನಲ್ಲಿಟ್ಟು ರಾತ್ರಿ ಒಂದಕ್ಕೆ ತೆರೆದರೆ ಎಂಟು ಗಂಟೆ ಕಳೆದಿರುತ್ತದೆ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಅನ್ನದ ವಿಷಯದಲ್ಲಿ ಇದು ಇನ್ನೂ ಗಂಭೀರ, ಏಕೆಂದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದಾಗಲೂ ಸಾಯದೆ ಉಳಿಯಬಲ್ಲವು, ಅವು ಬೆಳೆದು ಬಿಡುವ, ವಾಂತಿ ತರಿಸುವ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ಸಿಬ್ಬಂದಿಯ ಫ್ರಿಜ್ ಇದ್ದರೆ ತಲುಪಿದ ಕೂಡಲೇ ಅದರಲ್ಲಿಡಿ, ಇಲ್ಲವಾದರೆ ಐಸ್ ಪ್ಯಾಕ್ ಇರುವ ಚೀಲ ಬಳಸಿ. ಎರಡೂ ಸಾಧ್ಯವಿಲ್ಲದಿದ್ದರೆ ಸಿಪ್ಪೆ ಸುಲಿಯದ ಹಣ್ಣು, ಹುರಿದ ಕಾಳು, ಬೀಜಗಳಂತಹ ಒಣ ಪದಾರ್ಥಗಳನ್ನೇ ಒಯ್ಯಿರಿ.

ಊಟ, ನಿದ್ದೆ ಎರಡನ್ನೂ ಸರಿಪಡಿಸಿಕೊಂಡ ಮೇಲೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಊಟದ ಜೊತೆಗೇ ಕುಡಿಯುವ ಚಹಾ, ಕಾಫಿ ಸಸ್ಯಾಹಾರದಲ್ಲಿನ ಕಬ್ಬಿಣಾಂಶವು ದೇಹಕ್ಕೆ ಸೇರುವುದನ್ನು ತಡೆಯುತ್ತವೆ, ಹುಳಿ ಹಣ್ಣುಗಳಲ್ಲಿನ ಸಿ ವಿಟಮಿನ್ ಅದನ್ನು ಹೆಚ್ಚಿಸುತ್ತದೆ. ಆದ್ದರಿಂದ ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಬಿಡುವಿರಲಿ.

ಉತ್ತರ: ವಾರ್ಡ್ ಇನ್‌ಚಾರ್ಜ್

ಇಬ್ಬರೂ ಹೇಳಿದ್ದು ಸರಿ, ಆದರೆ ಊಟಕ್ಕೆ ಬಿಡುವೇ ಸಿಗದಿದ್ದರೆ ಇದೆಲ್ಲ ಕಾಗದದ ಮೇಲೆ ಉಳಿಯುತ್ತದೆ. ಬಿಡುವು ಸಿಕ್ಕಾಗ ಉಣ್ಣುತ್ತೇನೆ ಎಂದುಕೊಂಡವರಿಗೆ ಬಿಡುವು ಸಿಗುವುದು ಒಂದು ಗಂಟೆಗೋ ಎರಡು ಗಂಟೆಗೋ. ನಮ್ಮ ವಾರ್ಡಿನಲ್ಲಿ ಸಂಜೆಯ ಹ್ಯಾಂಡ್‌ಓವರ್ ಮುಗಿದ ಕೂಡಲೇ ಯಾರು ಎಷ್ಟು ಹೊತ್ತಿಗೆ ಊಟಕ್ಕೆ ಹೋಗಬೇಕು, ಆ ಅರ್ಧ ಗಂಟೆ ಅವರ ಹಾಸಿಗೆಗಳನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಬೋರ್ಡಿನ ಮೇಲೆ ಹೆಸರು ಸಮೇತ ಬರೆಯುತ್ತೇವೆ. ಹೋಗುವವರು ತಮ್ಮ ರೋಗಿಗಳ ವಿಷಯವನ್ನು ಎರಡು ಮಾತಿನಲ್ಲಿ ಒಪ್ಪಿಸಿ ಹೋಗುತ್ತಾರೆ: ಯಾರ ಡ್ರಿಪ್ ಮುಗಿಯುತ್ತಾ ಬಂದಿದೆ, ಯಾರ ಆಮ್ಲಜನಕದ ಮೇಲೆ ಕಣ್ಣಿಡಬೇಕು. ಊಟಕ್ಕೆ ಎದ್ದು ಹೋಗುವುದಕ್ಕೆ ಕಿರಿಯ ನರ್ಸುಗಳು ಸಂಕೋಚಪಡುತ್ತಾರೆ. ಹಿರಿಯರೇ ಮೊದಲು ಕಳುಹಿಸಬೇಕು. ಹಸಿದು ದಣಿದ ಕೈಯಲ್ಲಿ ಸಿರಿಂಜ್ ಇರುವುದು ರೋಗಿಗೆ ಒಳ್ಳೆಯದಲ್ಲ, ಆದ್ದರಿಂದ ಇದನ್ನು ಯಾರಿಗೋ ತೋರುವ ದಾಕ್ಷಿಣ್ಯವೆಂದು ತಿಳಿಯದೆ ವಾರ್ಡಿನ ಕೆಲಸವೆಂದೇ ನಡೆಸಬೇಕು.

ನೀರು ಕುಡಿಯುವುದನ್ನು ಶೌಚಾಲಯಕ್ಕೆ ಹೋಗಲು ಸಮಯವಿಲ್ಲವೆಂದು ಕಡಿಮೆ ಮಾಡುವವರನ್ನು ಬಹಳ ನೋಡಿದ್ದೇನೆ. ದೇಹದ ತೂಕದ ಶೇ 2ರಷ್ಟು ನೀರು ಕಡಿಮೆಯಾದರೂ ಏಕಾಗ್ರತೆ ಕುಗ್ಗುತ್ತದೆ, ತಲೆ ನೋಯುತ್ತದೆ. ಮೂತ್ರದ ಸೋಂಕು ಪದೇಪದೇ ಬರುವ, ನೀರು ಕಡಿಮೆ ಕುಡಿಯುವ ಮಹಿಳೆಯರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದಾಗ ಸೋಂಕು ಅರ್ಧದಷ್ಟು ಇಳಿದದ್ದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಪ್ರತಿ ಸಲ ವೈಟಲ್ಸ್ (ರೋಗಿಯ ನಾಡಿ, ರಕ್ತದೊತ್ತಡ, ಜ್ವರ ಮುಂತಾದವು) ನೋಡಿ ಬರೆದ ಮೇಲೆ ಒಂದು ಲೋಟ ಎಂದು ಕೆಲಸಕ್ಕೆ ಜೋಡಿಸಿಕೊಂಡರೆ ಮರೆಯುವುದಿಲ್ಲ.

ಊಟಕ್ಕೆ ಮುನ್ನ ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ಹ್ಯಾಂಡ್‌ರಬ್ ಸಾಲದು, ಸೋಪು ಮತ್ತು ನೀರಿನಿಂದಲೇ ಕೈ ತೊಳೆಯಬೇಕು. ಭೇದಿ ತರುವ ಕ್ಲಾಸ್ಟ್ರಿಡಿಯಾಯಿಡಿಸ್ ಡಿಫಿಸಿಲ್‌ನ ಬೀಜಕಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ಔಷಧಿ ಇಡುವ ಫ್ರಿಜ್ಜಿನಲ್ಲಿ ಡಬ್ಬಿ ಇಡುವುದಂತೂ ಕೂಡದು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಹನ್ನೊಂದರೊಳಗೆ ಊಟ ಮುಗಿಸುವ ವಿಷಯವನ್ನು ಈ ವಾರವೇ ನಮ್ಮ ಇನ್‌ಚಾರ್ಜ್ ಅವರ ಬಳಿ ಮಾತನಾಡುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಕಾಫಿಯನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕು? ಬೆಳಿಗ್ಗೆ ಮಲಗುವ ಮುನ್ನ ತಿನ್ನಬೇಕೇ, ಬೇಡವೇ?

ಉತ್ತರ: ಐಸಿಯು ನರ್ಸ್

ಕುಡಿದ ಕೆಫೀನಿನ ಅರ್ಧಭಾಗ ದೇಹದಿಂದ ಹೊರಹೋಗಲು ಸರಾಸರಿ 5 ಗಂಟೆ ಬೇಕು. ನಾಲ್ಕು ಗಂಟೆಗೆ ಕುಡಿದ ಕಾಫಿಯ ಅರ್ಧದಷ್ಟು ನೀವು ಬೆಳಿಗ್ಗೆ ಒಂಬತ್ತಕ್ಕೆ ಮಲಗಿದಾಗಲೂ ರಕ್ತದಲ್ಲಿರುತ್ತದೆ. ನಿದ್ದೆ ಬಂದರೂ ಅದು ಗಾಢವಾಗಿರುವುದಿಲ್ಲ. ಆದ್ದರಿಂದ ಪಾಳಿಯ ಮೊದಲರ್ಧದಲ್ಲಿ ಚಿಕ್ಕ ಲೋಟಗಳಲ್ಲಿ ಕುಡಿದು, ಕೊನೆಯದನ್ನು ಎರಡು ಗಂಟೆಯೊಳಗೆ ಮುಗಿಸಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗೆ ಕೆಫೀನ್ ಸುರಕ್ಷಿತವೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ನಿಮ್ಮಲ್ಲಿ ಬಿಡುವಿನ ವೇಳೆ ಮಲಗಲು ಅನುಮತಿಯಿದ್ದರೆ, ಆ ಕೊನೆಯ ಕಾಫಿ ಕುಡಿದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಕೆಫೀನ್ ಕೆಲಸ ಶುರುಮಾಡುವುದಕ್ಕೂ ಸರಿಸುಮಾರು ಅಷ್ಟೇ ಸಮಯ ಹಿಡಿಯುತ್ತದೆ. ಅದಕ್ಕಿಂತ ಬಹಳ ಹೆಚ್ಚು ಮಲಗಿದರೆ ಎದ್ದ ಮೇಲೆ ಸ್ವಲ್ಪ ಹೊತ್ತು ತಲೆ ಮಂದವಾಗಿರುತ್ತದೆ, ಹಾಗಾಗಿ ಎದ್ದ ಕೂಡಲೇ ಔಷಧಿ ಬೆರೆಸುವ ಕೆಲಸಕ್ಕೆ ಕೈ ಹಾಕಬೇಡಿ.

ಬೆಳಿಗ್ಗೆ ಖಂಡಿತ ತಿನ್ನಿ, ಆದರೆ ಅದು ಊಟವಾಗದೆ ಉಪಾಹಾರವಾಗಿರಲಿ: ಖಾರ, ಎಣ್ಣೆ ಕಡಿಮೆಯಿರುವ, ಗಂಜಿಯಂತಹ ಮೆತ್ತನೆಯ ಆಹಾರ, ಜೊತೆಗೆ ಹಾಲು ಅಥವಾ ಒಂದು ಮೊಟ್ಟೆ. ತಿಂದು ಕನಿಷ್ಠ ಒಂದು ಗಂಟೆ ಬಿಟ್ಟು ಮಲಗಿದರೆ ಎದೆಯುರಿ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಸ್ನಾನ, ಬಟ್ಟೆ ಒಗೆಯುವುದು ಆ ಗಂಟೆಯಲ್ಲಿ ಆಗಿಹೋಗುತ್ತವೆ. ಇಷ್ಟು ತಿಂದೂ ನಡುವೆ ಹಸಿವಿನಿಂದ ಎಚ್ಚರವಾದರೆ ಫೋನು ನೋಡದೆ, ಪರದೆ ಸರಿಸದೆ, ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡ ಬಾಳೆಹಣ್ಣನ್ನು ತಿಂದು ಮತ್ತೆ ಮಲಗಿ.