ಅಪ್ಪಾಜಿಗೆ ಪ್ರಾಸ್ಟೇಟ್ ಕ್ಯಾನ್ಸರ್: ಒಬ್ಬರು ಆಪರೇಷನ್ ಅಂದರು, ಇನ್ನೊಬ್ಬರು ನಿಗಾ ಸಾಕು ಅಂದರು

ಹರಿಹರದಿಂದ ಕೇಳಿದ್ದು:
ಅಪ್ಪಾಜಿಗೆ 68 ವರ್ಷ. ಪಿಎಸ್‌ಎ (ಪ್ರಾಸ್ಟೇಟ್‌ಗೆ ಮಾಡುವ ರಕ್ತಪರೀಕ್ಷೆ) 6.4. ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಜೋರಿನದು ಅಂತ ತೋರಿಸುವ ಅಂಕ) 3+3 ಬಂದಿದೆ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ತಡ ಮಾಡದೆ ಆಪರೇಷನ್ ಮಾಡಿಸಿ ಅಂದರು. ಬೆಂಗಳೂರಿನಲ್ಲಿ ತೋರಿಸಿದಾಗ ಸದ್ಯ ಏನೂ ಬೇಡ, ಆಗಾಗ ಪರೀಕ್ಷೆ ಮಾಡಿಸುತ್ತಾ ಇರಿ ಅಂದರು. ಇಲ್ಲಿಯವರು ದುಡ್ಡಿಗಾಗಿ ಹೇಳಿದ್ದು ಅಂತ ಅಣ್ಣನ ವಾದ. ಕ್ಯಾನ್ಸರ್ ಇಟ್ಟುಕೊಂಡು ಸುಮ್ನೆ ಕೂರೋದಾ ಅಂತ ಅವ್ವ ಅಳುತ್ತಾಳೆ. ಯಾರ ಮಾತು ನಂಬಲಿ?

ದಾವಣಗೆರೆ ವಿದ್ಯಾನಗರದಿಂದ:
ತಂಗೀ, ನಮ್ಮ ಮಾವನವರ ರಿಪೋರ್ಟೂ ಹೆಚ್ಚುಕಮ್ಮಿ ಹೀಗೇ ಇತ್ತು. ಆಪರೇಷನ್ ಮಾಡಿಸಿಲ್ಲ, ನಿಗಾದಲ್ಲಿದ್ದಾರೆ, ಆರಾಮಾಗಿದ್ದಾರೆ. ನಿಗಾ ಅಂದರೆ ಕೈಕಟ್ಟಿ ಕೂರುವುದಲ್ಲ ಅಂತ ಅವ್ವನಿಗೆ ಹೇಳಿ. ಬ್ರಿಟನ್ನಿನಲ್ಲಿ ಕ್ಯಾನ್ಸರ್ ಪ್ರಾಸ್ಟೇಟ್ ಬಿಟ್ಟು ಹೊರಗೆ ಹರಡದಿದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಷನ್, ಒಂದಕ್ಕೆ ನಿಗಾ. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಆ ಕ್ಯಾನ್ಸರ್‌ನಿಂದ ಸತ್ತವರು ಮೂರೂ ಗುಂಪಿನಲ್ಲಿ ನೂರಕ್ಕೆ ಎರಡು-ಮೂರು ಜನ, ಅಷ್ಟೇ. ಆದರೆ ಪೂರ್ತಿ ಹೇಳಬೇಕಲ್ವಾ, ನಿಗಾ ಗುಂಪಿನಲ್ಲಿ ನೂರಕ್ಕೆ ಒಂಬತ್ತು ಜನರಿಗೆ ಕ್ಯಾನ್ಸರ್ ಹರಡಿತು. ಉಳಿದ ಎರಡು ಗುಂಪಿನಲ್ಲಿ ಅದರ ಅರ್ಧದಷ್ಟು. ನಿಗಾದಲ್ಲಿದ್ದವರಲ್ಲಿ ನೂರಕ್ಕೆ 61 ಜನ ಮುಂದೆ ಚಿಕಿತ್ಸೆ ತಗೊಂಡರು. ಆಪರೇಷನ್ ಆದವರಿಗೆ ಮೂತ್ರ ಸೋರುವ ಕಾಟ ಜಾಸ್ತಿ ಇತ್ತು.

ಇನ್ನು ದುಡ್ಡಿನ ಮಾತು. ಡಾಕ್ಟರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ಆಪರೇಷನ್‌ಗೆ ಇಷ್ಟು ಅಂತ ಪಾಲು ಸಿಗುವ ಕಡೆ, ಹೌದೋ ಅಲ್ಲವೋ ಅನ್ನುವಂಥ ಕೇಸೂ ಥಿಯೇಟರ್ ಕಡೆಗೇ ವಾಲುತ್ತದೆ. ನಿಗಾ ಇಟ್ಟರೆ ಅವರಿಗೆ ಬರುವುದು ಕನ್ಸಲ್ಟೇಷನ್ ಫೀಸು ಮಾತ್ರ. ಹೆದರಿದ ಮನೆಯವರಿಗೆಲ್ಲ ಕೂರಿಸಿ ತಿಳಿಸಿ ಹೇಳುವ ಕೆಲಸ ಬೇರೆ. ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ. 2013ರಲ್ಲಿ ಬಂದ ಅಧ್ಯಯನ ಅದು. ರೇಡಿಯೇಷನ್ ಮೆಷಿನ್ ಸ್ವಂತಕ್ಕೆ ಇಟ್ಟುಕೊಂಡ ಯೂರಾಲಜಿಸ್ಟ್‌ಗಳು ಮೊದಲು ನೂರಕ್ಕೆ 13 ಜನರಿಗೆ ಆ ಚಿಕಿತ್ಸೆ ಕೊಡಿಸುತ್ತಿದ್ದರು. ಮೆಷಿನ್ ಬಂದ ಮೇಲೆ ಅದು 32ಕ್ಕೆ ಏರಿತು. ಅಂಥದ್ದೇ ಪ್ರಾಕ್ಟೀಸ್ ಇದ್ದು ಮೆಷಿನ್ ಇಲ್ಲದವರಲ್ಲಿ 14 ಇದ್ದದ್ದು 16ರ ಹತ್ತಿರ ನಿಂತಿತು.

ಅದಕ್ಕೇ ನಾವು ಇನ್ನೊಂದು ಅಭಿಪ್ರಾಯ ಕೇಳಲು ಹೋದಾಗ, ಚಿಕಿತ್ಸೆ ಇಲ್ಲಿ ಮಾಡಿಸುವುದಿಲ್ಲ, ಬರೀ ಸಲಹೆ ಬೇಕು ಅಂತ ಮೊದಲೇ ಹೇಳಿದೆವು. ಅವರು ಎರಡೂ ದಾರಿಯ ಒಳಿತು ಕೆಡುಕು ಬಿಡಿಸಿ ಹೇಳಿದರು. ನೀವೂ ಹಾಗೇ ಮಾಡಿ. ಆಪರೇಷನ್ ಅಂದವರನ್ನೂ ಬಿಡಬೇಡಿ. ಆರು ತಿಂಗಳು ಮುಂದೂಡಿದರೆ ಏನು ಕೆಡುತ್ತದೆ ಅಂತ ನೇರವಾಗಿ ಕೇಳಿ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರ:
ಅಕ್ಕ ಹೇಳಿದ್ದು ಸರಿ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನಮ್ಮ ದೊಡ್ಡಪ್ಪನಿಗೆ ನಿಗಾ ಅಂತ ಬರೆದುಕೊಟ್ಟರು. ಆಮೇಲೆ ಆಸ್ಪತ್ರೆಯಿಂದ ಒಂದು ಫೋನೂ ಇಲ್ಲ. ಕೊಯ್ಲು, ಮದುವೆ, ಅದು ಇದು ಅಂತ ಪರೀಕ್ಷೆ ತಪ್ಪುತ್ತಾ ಹೋಯಿತು. ಮತ್ತೆ ನೋಡಿದಾಗ ಪಿಎಸ್‌ಎ ಬಹಳ ಏರಿತ್ತು. ಕೊನೆಗೆ ರೇಡಿಯೇಷನ್ ಆಯಿತು. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ರೇಡಿಯೇಷನ್ ಅದರಲ್ಲೇ ಮುಗಿಯಿತು. ಅದಕ್ಕೂ ಮೊದಲಿನ ರಕ್ತಪರೀಕ್ಷೆ, ಎಂಆರ್‌ಐ ಎಲ್ಲ ನಮ್ಮ ಜೇಬಿನಿಂದ. ಬರೀ ಸಂಬಳಕ್ಕೆ ಕೆಲಸ ಮಾಡುವ ಡಾಕ್ಟರಿಗೆ ಆಪರೇಷನ್ ಮಾಡಿದರೂ ಲಾಭವಿಲ್ಲ ನಿಜ. ಆದರೆ ಫೋನ್ ಮಾಡಿ ನೆನಪಿಸಿದ್ದಕ್ಕೂ ಯಾರಿಗೂ ಕಾಸು ಬರುವುದಿಲ್ಲ. ಆ ಕೆಲಸ ಮನೆಯವರೇ ಹೊರಬೇಕು. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಪಿಎಸ್‌ಎ, ವರ್ಷದ ಹೊತ್ತಿಗೆ ಮತ್ತೆ ಬಯಾಪ್ಸಿ ಹೇಳುತ್ತಾರೆ. ತಾರೀಖು ಬರೆಸಿಕೊಂಡು ನಿಮ್ಮಣ್ಣನ ಮೊಬೈಲಿಗೆ ಹಾಕಿಡಿ. ಅಷ್ಟು ಮಾಡಲು ಆಗದ ಮನೆಯಾದರೆ ನಿಗಾ ಬೇಡ ಅಂತಲೇ ನನ್ನ ಅಭಿಪ್ರಾಯ.

ಚಿತ್ರದುರ್ಗದ ನಿವೃತ್ತ ಸ್ಟಾಫ್ ನರ್ಸ್:
ಮೊದಲು ಆ 3+3 ಸರಿಯಾಗಿದೆಯಾ ಅಂತ ಖಚಿತ ಮಾಡಿಕೊಳ್ಳಮ್ಮ. 3+3 ಅಂದರೆ ನಿಧಾನದ ಬಗೆ. 3+4, 4+3 ಆಗಿದ್ದರೆ ಅದಕ್ಕಿಂತ ಜೋರಿನದು, ಲೆಕ್ಕವೇ ಬೇರೆ. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಸ್ಲೈಡು, ಬ್ಲಾಕು (ತೆಗೆದಿಟ್ಟ ಮಾಂಸದ ಚೂರು) ಕೇಳಿ ಇಸಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಇನ್ನೊಬ್ಬ ಪೆಥಾಲಜಿಸ್ಟ್ (ಆ ಚೂರು ಪರೀಕ್ಷಿಸುವ ಡಾಕ್ಟರು) ನೋಡಲಿ. ಆಪರೇಷನ್ ಆದರೂ ಆಗದಿದ್ದರೂ ಆ ಪೆಥಾಲಜಿಸ್ಟ್‌ಗೆ ಬರುವ ದುಡ್ಡು ಅಷ್ಟೇ. ಎಂಆರ್‌ಐ ಇನ್ನೂ ಮಾಡಿಸಿಲ್ಲದಿದ್ದರೆ ಅದರ ಬಗ್ಗೆಯೂ ಕೇಳಿ.