ಅಪ್‌ಡೇಟ್: ಕ್ಯೂ ತುಂಬಿದಾಗ ಬೀಳೋದು ಯಾವ ಪ್ಯಾಕೆಟ್?

ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಪ್ರಶ್ನೆ ಇದಾಗಿತ್ತು: ಲಿನಕ್ಸ್‌ನ ಎಫ್‌ಕ್ಯೂ-ಕೋಡೆಲ್ (ನೆಟ್‌ವರ್ಕ್ ಪ್ಯಾಕೆಟ್‌ಗಳ ಸರತಿ ನಿಭಾಯಿಸೋ ವ್ಯವಸ್ಥೆ) ಆಧರಿಸಿದ ನಮ್ಮ ಕೋಡ್‌ನಲ್ಲಿ ‘ಕ್ಯೂ ತುಂಬಿದರೆ ಹೊಸದಾಗಿ ಬಂದ ಪ್ಯಾಕೆಟ್ ಡ್ರಾಪ್’ ಅಂತ ಕಾಮೆಂಟ್, ಕೋಡ್ ಮಾಡೋದೇ ಬೇರೆ. ಯಾವುದನ್ನು ನಂಬೋದು?

ಕೋಡೇ ಸರಿ. ಮಿತಿ (ಡೀಫಾಲ್ಟ್ 10240 ಪ್ಯಾಕೆಟ್) ದಾಟಿದರೆ ಅತಿ ಹೆಚ್ಚು ಬೈಟ್ ಗುಡ್ಡೆ ಹಾಕಿಕೊಂಡ ಫ್ಲೋ (ಒಂದು ಸಂಪರ್ಕದ ಪ್ಯಾಕೆಟ್‌ಗಳ ಸಾಲು) ಹುಡುಕಿ, ಅದರ ತಲೆಯಿಂದ, ಅಂದರೆ ಮೊದಲು ಬಂದ ಪ್ಯಾಕೆಟ್‌ಗಳಿಂದ, ಸುಮಾರು ಅರ್ಧ ಬ್ಯಾಕ್‌ಲಾಗ್ (ಕಾಯ್ತಿರೋ ಡೇಟಾ) ಕಿತ್ತುಹಾಕುತ್ತೆ, ಹೆಚ್ಚೆಂದರೆ 64 ಪ್ಯಾಕೆಟ್. ಗಿಟ್ ಬ್ಲೇಮ್ (ಕೋಡ್‌ನ ಯಾವ ಸಾಲು ಯಾವಾಗ ಬಂತು ಅಂತ ತೋರಿಸೋ ಕಮಾಂಡ್) ಪ್ರಕಾರ ಆ ಕಾಮೆಂಟ್ ಹಳೇ ಪಿಫಿಫೊ (pfifo, ತುಂಬಿದರೆ ಹೊಸ ಪ್ಯಾಕೆಟ್ಟನ್ನೇ ಬೀಳಿಸೋ ಸರಳ ಕ್ಯೂ) ಕಾಲದ್ದು. ಅಂಗಡಿ ಬದಲಾದರೂ ಬೋರ್ಡ್ ಹಾಗೇ ಇತ್ತು.

ಹೊಸ ಕಾಮೆಂಟ್‌ನಲ್ಲಿ ‘ಯಾಕೆ’ ಮಾತ್ರ ಬರೆದೆ: ತಲೆಯಿಂದ ಬೀಳಿಸಿದರೆ ಕಳಿಸುವವರಿಗೆ ದಟ್ಟಣೆ ಬೇಗ ಗೊತ್ತಾಗುತ್ತೆ, ಒಂದೊಂದೇ ಬೀಳಿಸಿದರೆ ಪ್ರತಿ ಸಲ 1024 ಫ್ಲೋ ಜಾಲಾಡಬೇಕು. 64 ಈಗ ಕಾನ್‌ಸ್ಟಂಟ್‌ನಲ್ಲಿದೆ, ಕಾಮೆಂಟ್‌ನಲ್ಲಿಲ್ಲ. ಪ್ಯಾಚ್ ಮರ್ಜ್ ಆಯ್ತು. ರಿವ್ಯೂನಲ್ಲಿ ಜಗಳ ನಡೆದಿದ್ದು ಕಾಗುಣಿತಕ್ಕೆ ಮಾತ್ರ!